ಮಂಗನ ಕಾಯಿಲೆ ಮತ್ತು ಎರಡು ಮಾರ್ಕಿನ ಪ್ರಶ್ನೆ

ಮೊನ್ನೆ ಭಾನುವಾರ ಲಕ್ಷ್ಮೀಪುರಂನ ನಮ್ಮ ಮನೆಯಲ್ಲಿ ಚಿಕ್ಕಮ್ಮನ ಮಗಳು ಪಿಯುಸಿ ಬಯಾಲಜಿ ಪುಸ್ತಕ ಹಿಡಿದು ಕೂತಿದ್ದಳು. ವೀಕ್ಷಣೆ, ಊಹೆ, ಪ್ರಯೋಗ, ತೀರ್ಮಾನ.. ಮಗ್ಗಿ ಒಪ್ಪಿಸುವ ಹಾಗೆ ಹೇಳುತ್ತಿದ್ದಳು. "ಪ್ರಯೋಗದಲ್ಲಿ ಕಂಟ್ರೋಲ್ ಗುಂಪು ಅಂತ ಒಂದು ಯಾಕೆ ಇಡಬೇಕು?" ಅಂತ ಕೇಳಿದೆ. "ಅಣ್ಣಾ, ಡೆಫಿನಿಷನ್ ಬರೆದ್ರೆ ಎರಡು ಮಾರ್ಕ್ಸ್ ಸಿಗುತ್ತೆ. ಯಾಕೆ ಅಂತೆಲ್ಲ ಯಾರೂ ಕೇಳಲ್ಲ" ಅಂದಳು. ನಾನೂ ಹಾಗೇ ಪಾಸಾದವನು, ಏನು ಬೈಯಲಿ! ಕಾಫಿ ಕುಡಿಯುತ್ತಾ ಅವಳಿಗೆ ಹೇಳಿದ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ದೂರದ ದೇಶದ್ದಲ್ಲ, ನಮ್ಮ ಮಲೆನಾಡಿನದ್ದೇ.

1957. ಆಗಿನ್ನೂ ನಮ್ಮದು ಮೈಸೂರು ರಾಜ್ಯ. ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳ ಜನರಿಗೆ ವಿಪರೀತ ಜ್ವರ, ತಲೆನೋವು, ಮೈಕೈ ನೋವು. ಕೆಲವರಿಗೆ ರಕ್ತಸ್ರಾವ, ಕೆಲವರ ಸಾವು. ಮೊದಲು ಟೈಫಾಯ್ಡ್ ಇರಬಹುದೆಂದುಕೊಂಡರು. ಆದರೆ ಮಂಗಗಳೂ ಯಾಕೆ ಸಾಯುತ್ತಿವೆ?

ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಹೋಯಿತು. 1952ರಲ್ಲಿ ಶುರುವಾದ ಆ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಆಗ ಅದರ ನಿರ್ದೇಶಕರು ಟೆಲ್ಫೋರ್ಡ್ ವರ್ಕ್. ಅವರ ತಂಡಕ್ಕೆ ಹುಟ್ಟಿದ ಮೊದಲ ಅನುಮಾನ ಭಯಂಕರವಾದದ್ದು: ಹಳದಿ ಜ್ವರ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಆ ಜ್ವರ ಬಂದಾಗಲೂ ಮಂಗಗಳು ಸಾಯುತ್ತವೆ. ಭಾರತಕ್ಕೆ ಅದು ಎಂದೂ ಬಂದಿರಲಿಲ್ಲ, ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ ಇಲ್ಲಿ ಬೇಕಾದಷ್ಟಿದೆ. ಕಾಡು ದಾಟಿ ಪೇಟೆಗೆ ಬಂದರೆ ಗತಿಯೇನು?

ಊಹೆ ಚೆನ್ನಾಗಿಯೇ ಇತ್ತು. ಎಲ್ಲ ಸುಳಿವೂ ಹೊಂದುತ್ತಿತ್ತು. ಆದರೂ ಅವರು ಅದನ್ನು ನಂಬಿ ಕೂರಲಿಲ್ಲ. ಸತ್ತ ಮಂಗಗಳ ಅಂಗಾಂಶ, ರೋಗಿಗಳ ರಕ್ತ ಇವುಗಳಿಂದ ವೈರಸ್ಸನ್ನು ಬೇರ್ಪಡಿಸಿ, ಗೊತ್ತಿರುವ ವೈರಸ್‌ಗಳ ಜೊತೆ ಹೋಲಿಸಿದರು. ಅದು ಹಳದಿ ಜ್ವರದ್ದಲ್ಲ! ರಷ್ಯಾದ ಕಾಡುಗಳಲ್ಲಿ ಮಿದುಳು ಜ್ವರ ತರುವ ವೈರಸ್‌ನ ಹತ್ತಿರದ ನೆಂಟ, ಆದರೆ ಅದೂ ಅಲ್ಲ, ಹೊಸತು. ರಷ್ಯಾದ ವೈರಸ್ ಹರಡುವುದು ಉಣುಗಿನಿಂದ. ಹಾಗಾದರೆ ಇದೂ? ಕಾಡಿನ ಉಣುಗುಗಳನ್ನು ಪರೀಕ್ಷಿಸಿದಾಗ ಅವುಗಳಲ್ಲೂ ವೈರಸ್ ಸಿಕ್ಕಿತು. ಮುಖ್ಯ ಅಪರಾಧಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು. ಮಂಗ ಪಾಪ, ನಮ್ಮ ಹಾಗೆ ಅದೂ ರೋಗಿ. ಹೆಸರು ಮಾತ್ರ ಅದರ ತಲೆಗೇ ಕಟ್ಟಿದ್ದೇವೆ.

ಇಲ್ಲಿಗೆ ಕಥೆ ಮುಗಿದರೆ ಪಠ್ಯಪುಸ್ತಕದ ಹಾಗೆ ನೀಟಾಗಿರುತ್ತಿತ್ತು. ಮುಂದಿನದ್ದು ಲಸಿಕೆಯ ಕಥೆ.

ನೆಂಟ ವೈರಸ್‌ಗೆ ಆಗಲೇ ಲಸಿಕೆ ಇತ್ತಲ್ಲ, ಅದನ್ನೇ 1958ರ ಸುಮಾರಿಗೆ ಇಲ್ಲಿಯ ಜನರಿಗೆ ಕೊಟ್ಟು ನೋಡಿದರು. ತರ್ಕ ಸರಿಯಾಗಿಯೇ ಇತ್ತು. ಆದರೆ ಹಾಕಿಸಿಕೊಂಡವರನ್ನು ಹಾಕಿಸಿಕೊಳ್ಳದವರ ಜೊತೆ ಹೋಲಿಸಿದಾಗ ರಕ್ಷಣೆ ಕಾಣಲಿಲ್ಲ. ಇಲ್ಲಿ ಸ್ವಲ್ಪ ನಿಲ್ಲಿ. ಹೋಲಿಸದೇ ಇದ್ದಿದ್ದರೆ? ಈ ಕಾಯಿಲೆ ಕಾಣಿಸಿಕೊಳ್ಳುವುದು ಹೆಚ್ಚಾಗಿ ನವೆಂಬರ್–ಡಿಸೆಂಬರ್‌ನಿಂದ ಮೇ ತನಕ. ಮಳೆ ಹಿಡಿದ ಮೇಲೆ ತಾನಾಗಿಯೇ ಇಳಿಯುತ್ತದೆ. ಒಂದು ವರ್ಷ ಬಂದ ಊರಿಗೆ ಮರುವರ್ಷ ಬಾರದೆಯೂ ಇರಬಹುದು. ಏಪ್ರಿಲ್‌ನಲ್ಲಿ ಸೂಜಿ ಚುಚ್ಚಿ ಜುಲೈನಲ್ಲಿ ಎಣಿಸಿದರೆ ಬರೀ ನೀರು ಚುಚ್ಚಿದ್ದರೂ ಗೆದ್ದ ಹಾಗೆ ಕಾಣುತ್ತದೆ! ಕಂಟ್ರೋಲ್ ಗುಂಪು ಇರುವುದು ಮಳೆಗೆ ಸಲ್ಲಬೇಕಾದ ಶ್ರೇಯಸ್ಸು ಲಸಿಕೆಗೆ ಹೋಗದಿರಲಿ ಅಂತ. (ನಮ್ಮ ಕೆಲಸದಲ್ಲೂ ಅಷ್ಟೇ. ಎರಡು ಕಡೆ ಕೋಡ್ ಬದಲಿಸಿದ ಮೇಲೆ ಬಗ್ ಮಾಯವಾದರೆ, ಯಾವುದರಿಂದ ಹೋಯಿತೋ ದೇವರಿಗೇ ಗೊತ್ತು.)

ಆಮೇಲೆ ಈ ವೈರಸ್‌ನಿಂದಲೇ, ಕೋಳಿ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ ಬಂತು. 1990–92ರಲ್ಲಿ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ನಡೆದ ಕ್ಷೇತ್ರ ಪರೀಕ್ಷೆಯಲ್ಲಿ ಒಂದು ಡೋಸ್‌ಗೆ 79.3%, ಎರಡು ಡೋಸ್‌ಗೆ 93.5% ರಕ್ಷಣೆ ಕಂಡಿತು. ಭರ್ಜರಿ ಅಂಕಿ. ಆದರೆ 2005–10ರ ಅವಧಿಯ ದಾಖಲೆಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಎರಡು ಡೋಸ್‌ನ ರಕ್ಷಣೆ 62.4% ಮಾತ್ರ. ಬೂಸ್ಟರನ್ನೂ ಹಾಕಿಸಿಕೊಂಡವರಲ್ಲಿ 82.9%.

ಇಂಥ ಅಂಕಿ ಓದುವಾಗ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಲಸಿಕೆ ಹಾಕಿಸಿಕೊಂಡವರು ಯಾರು, ಬಿಟ್ಟವರು ಯಾರು? ಈ ಲಸಿಕೆ ಚುಚ್ಚಿದರೆ ಸಿಕ್ಕಾಪಟ್ಟೆ ನೋವು. ಬೆಳಿಗ್ಗೆ ಎದ್ದು ಸೌದೆಗೆ, ದರಗಿಗೆ ಕಾಡಿಗೆ ಹೋಗಲೇಬೇಕಾದ ಕೂಲಿಯವರು ತೋಳು ನೋವಿಗೆ ಹೆದರಿ ತಪ್ಪಿಸಿಕೊಂಡರು ಅಂತಿಟ್ಟುಕೊಳ್ಳಿ. ಉಣುಗು ಕಚ್ಚುವುದೂ ಅವರಿಗೇ ಹೆಚ್ಚು. ಆಗ ಲಸಿಕೆ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಕಾಡಿಗೆ ಹೋಗುವವರೇ ಮುಂದೆ ಬಂದು ಹಾಕಿಸಿಕೊಂಡು ಮನೆಯಲ್ಲಿರುವವರು ಬಿಟ್ಟರೆ ಕೆಟ್ಟದಾಗಿ ಕಾಣುತ್ತದೆ. ಅದಕ್ಕೇ ಯಾರಿಗೆ ಏನು ಎನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಬೇಕು ಅನ್ನುವುದು. ಬರೀ ಎರಡು ಗುಂಪು ಇದ್ದರೆ ಸಾಲದು, ಎರಡೂ ಒಂದೇ ಥರದವಾಗಿರಬೇಕು.

ಇದು ಬರೀ ಲೆಕ್ಕದ ಆಟವಲ್ಲ. ಈ ಕಾಯಿಲೆ ಬಂದ ನೂರು ಜನರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ. ಇದಕ್ಕೇ ಅಂತ ಔಷಧಿಯಿಲ್ಲ. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲೂಕಿನ ಅರಳಗೋಡು ಭಾಗ ಅನುಭವಿಸಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಸೂಜಿ ಚುಚ್ಚಿಸಿಕೊಂಡು "ಇನ್ನೇನೂ ಆಗಲ್ಲ" ಅಂತ ಕಾಡಿಗೆ ಹೋದವನ ಬೆನ್ನಿಗಿರುವುದು ಆ ಶೇಕಡಾವಾರು ಅಂಕಿಯೇ. ಕೊನೆಗೆ, ಲಸಿಕೆಯ ಸಾಮರ್ಥ್ಯವೇ ನಿಗದಿತ ಮಟ್ಟ ಮುಟ್ಟುತ್ತಿಲ್ಲವೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಯ ಕೆಲಸವನ್ನು ಐಸಿಎಂಆರ್ ಕೈಗೆತ್ತಿಕೊಂಡಿದೆ.

ನನಗೆ ಈ ಇತಿಹಾಸದಲ್ಲಿ ಹಿಡಿಸಿದ್ದು ಜಾಣ ಊಹೆಗಳಲ್ಲ. ಟೈಫಾಯ್ಡ್, ಹಳದಿ ಜ್ವರ, ನೆಂಟನ ಲಸಿಕೆ.. ಮೂರೂ ಬುದ್ಧಿವಂತ ಊಹೆಗಳೇ, ಮೂರೂ ತಪ್ಪು. ತಪ್ಪು ಅಂತ ಗೊತ್ತಾಗುವ ಹಾಗೆ ಪರೀಕ್ಷೆ ಮಾಡಿದ್ದರಿಂದ ಮುಂದಕ್ಕೆ ಹೋಗಲು ಆಯಿತು.

ಎಲ್ಲ ಕೇಳಿದ ಮೇಲೆ ತಂಗಿ ಅಂದದ್ದು: "ಸರಿ ಅಣ್ಣಾ, ಹೊಸ ಲಸಿಕೆಗೆ ಚೀಟಿ ಎತ್ತಿದಾಗ ಬರೀ ನೀರು ಚುಚ್ಚಿಸಿಕೊಂಡವರು ಕಾಡಿಗೆ ಹೋದ್ರೆ?" ನನ್ನ ಹತ್ತಿರ ಉತ್ತರವಿರಲಿಲ್ಲ. ಎರಡು ಮಾರ್ಕಿನ ಪ್ರಶ್ನೆಯಂತೂ ಅದಲ್ಲ. ಸೊರಬ, ಸಾಗರ, ಸಿದ್ದಾಪುರದ ಕಡೆಯ ಗೆಳೆಯರಿದ್ದರೆ, ನಿಮ್ಮ ಮನೆಯ ಹಿರಿಯರು ಆ ದಿನಗಳ ಬಗ್ಗೆ ಏನು ಹೇಳುತ್ತಿದ್ದರು, ಬರೆಯಿರಿ.