ವಿಮೆ ಯಾರದು, ಕಂತು ಯಾರದು?: ಗದಗ ಸೀಮೆಯ ಗುಳೆಯ ಅರ್ಥಶಾಸ್ತ್ರ

ಮಳೆ ನಂಬಿದ ಒಕ್ಕಲುತನದ ಊರುಗಳಿಂದ ಜನ ಗುಳೆ ಹೋಗುತ್ತಾರೆ, ಕಟ್ಟಡ, ರಸ್ತೆ, ಕಬ್ಬಿನ ಕಟಾವಿನಲ್ಲಿ ದುಡಿಯುತ್ತಾರೆ, ಉಳಿದಷ್ಟನ್ನು ಊರಿಗೆ ತರುತ್ತಾರೆ. ಇಷ್ಟರಲ್ಲಿ ವಿದ್ವಾಂಸರ ನಡುವೆ ತಕರಾರಿಲ್ಲ. ತಕರಾರಿರುವುದು ಆ ಹಣವನ್ನು ಏನೆಂದು ಕರೆಯಬೇಕು ಎಂಬಲ್ಲಿ. ಅರ್ಥಶಾಸ್ತ್ರಜ್ಞರಾದ ಓಡೆಡ್ ಸ್ಟಾರ್ಕ್ ಮತ್ತು ಡೇವಿಡ್ ಬ್ಲೂಮ್ 1985ರಲ್ಲಿ ಮಂಡಿಸಿದ ಪ್ರಕಾರ ವಲಸೆ ಇಡೀ ಮನೆತನದ ಲೆಕ್ಕಾಚಾರ. ಬೆಳೆ ಕೈಕೊಟ್ಟ ವರ್ಷ ಹೊರಗಿನ ಗಳಿಕೆ ಮನೆಯನ್ನು ಕಾಯುತ್ತದೆ. ಹೋದವನೇ ಮನೆಗೆ ವಿಮೆ.

ಶಿರಹಟ್ಟಿ, ಮುಂಡರಗಿಯ ಮಸಾರಿ ಹೊಲಗಳ ಅಂಚಿನ ಲಂಬಾಣಿ ತಾಂಡಾಗಳಿಂದ ಗೋವಾಕ್ಕೆ ಹೋಗುವವರನ್ನು ನೋಡಿದರೆ ಈ ವಾದ ಅರ್ಧ ಮಾತ್ರ ನಿಲ್ಲುತ್ತದೆ. 2020ರ ಮಾರ್ಚ್ 25ರಂದು ಲಾಕ್‌ಡೌನ್ ಜಾರಿಯಾಗಿ ಕೆಲಸ ನಿಂತಾಗ ದುಡಿಮೆಗಾರರು ಮರಳಿದ್ದು ತಾಂಡಾಗಳಿಗೇ. ಅವರನ್ನು ಹೊತ್ತದ್ದು ಮನೆಯ ಜೋಳ, ರೇಷನ್ ಅಕ್ಕಿ, ಉದ್ಯೋಗ ಖಾತರಿಯ ಕೂಲಿ. ಕೇಂದ್ರ ಸರ್ಕಾರ ಆ ಮೇ ತಿಂಗಳಲ್ಲಿ ಖಾತರಿ ಯೋಜನೆಗೆ 40,000 ಕೋಟಿ ರೂಪಾಯಿ ಹೆಚ್ಚುವರಿ ಘೋಷಿಸಬೇಕಾಯಿತು. ವಿಮೆ ಕೊಟ್ಟದ್ದು ಊರು, ಲಾಭ ಪಡೆದದ್ದು ಹೊರಗಿನ ಕಟ್ಟಡ ಉದ್ಯಮ.

ಹಾಗಾದರೆ ಕಂತು ಯಾರು ಕಟ್ಟುತ್ತಾರೆ? ಮಗುವನ್ನು ದುಡಿಯುವ ವಯಸ್ಸಿಗೆ ತರುವ, ಮೈ ಸೋತವರನ್ನು ಸಾಕುವ ಖರ್ಚು ಬಹುಪಾಲು ತಾಂಡಾದ್ದು. ಫ್ರೆಂಚ್ ಮಾನವಶಾಸ್ತ್ರಜ್ಞ ಕ್ಲಾಡ್ ಮೆಯಾಸೂ 1975ರಲ್ಲೇ ಇಂಥ ವಾದ ಹೂಡಿದ್ದರು. ನಮ್ಮ ಕಾನೂನೂ ಒಮ್ಮೆ ಇದನ್ನು ಒಪ್ಪಿತ್ತು: 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಂತೆ ಗುತ್ತಿಗೆದಾರ ತಿಂಗಳ ಕೂಲಿಯ ಅರ್ಧದಷ್ಟು ಅಥವಾ 75 ರೂಪಾಯಿ, ಯಾವುದು ಹೆಚ್ಚೋ ಅದನ್ನು ಸ್ಥಳಾಂತರ ಭತ್ಯೆಯಾಗಿ ಕೊಡಬೇಕಿತ್ತು. ಆ ಕಾಯ್ದೆಯ ಜಾಗಕ್ಕೆ ತಂದ 2020ರ ಕಾರ್ಮಿಕ ಸಂಹಿತೆಯಲ್ಲಿ ಪ್ರಯಾಣ ಭತ್ಯೆ ಉಳಿಯಿತು, ಸ್ಥಳಾಂತರ ಭತ್ಯೆ ಬಿದ್ದುಹೋಯಿತು. ಕಂತಿನ ಚೂರನ್ನಾದರೂ ದುಡಿಸಿಕೊಳ್ಳುವವರ ಮೇಲೆ ಹಾಕಿದ್ದ ವಿಧಿ ಅದೊಂದೇ ಎನ್ನಬಹುದೇನೋ.

ಇಲ್ಲಿ ಎಚ್ಚರವೂ ಬೇಕು. ಒಂದು ಮಹಾಮಾರಿಯ ವರ್ಷದಿಂದ ಸಾಮಾನ್ಯ ನಿಯಮ ಕಟ್ಟಲಾಗದು. ಬರ ಬಿದ್ದ ವರ್ಷಗಳಲ್ಲಿ ಗೋವಾದ ಕೂಲಿಯೇ ತಾಂಡಾವನ್ನು ಉಳಿಸಿದ್ದು ಸುಳ್ಳಲ್ಲ. ಸ್ಟಾರ್ಕ್ ಅವರ ವಾದ ಅಲ್ಲಿ ಗಟ್ಟಿ. ಕಬ್ಬಿಗೆ ಹೋಗುವವರದಂತೂ ಬೇರೆಯೇ ಲೆಕ್ಕ. ಅವರು ಮುಂಗಡ ಪಡೆದು ಹೋಗುವವರು, ಊರಿಗೆ ಬರುವ ಹಣ ದುಡಿಮೆಗೆ ಮೊದಲೇ ಬಂದ ಸಾಲ. ಅದನ್ನೂ ಉಳಿತಾಯದ ಖಾನೆಗೆ ಸೇರಿಸಿ ಊರಿನ ಲಾಭವೆನ್ನುವ ಬರಹಗಳನ್ನು ನಾನು ಒಪ್ಪಲಾರೆ. ನನ್ನ ವಾದ ಇಷ್ಟೇ: ವಿಮೆ ಎರಡೂ ಕಡೆ ಹರಿಯುತ್ತದೆ, ಆದರೆ ಊರು ಕೊಡುವ ಪಾಲು ಯಾವ ಲೆಕ್ಕಪುಸ್ತಕಕ್ಕೂ ಏರುವುದಿಲ್ಲ.

ಏರಿಸುವುದು ಸುಲಭವೂ ಅಲ್ಲ. 2007-08ರ ರಾಷ್ಟ್ರೀಯ ಮಾದರಿ ಸಮೀಕ್ಷೆ ವರ್ಷದಲ್ಲಿ ಒಂದರಿಂದ ಆರು ತಿಂಗಳೊಳಗೆ ಹೊರಗಿದ್ದವರನ್ನು ಅಲ್ಪಾವಧಿ ವಲಸಿಗರೆಂದು ಎಣಿಸಿತು. ಸುಗ್ಗಿ ಮುಗಿಸಿ ಹೊರಟು ಆರು ತಿಂಗಳು ದಾಟಿಸಿ ಮರಳುವವರು ಆ ಖಾನೆಯ ಹೊರಗೇ. ತಾಲೂಕು ಮಟ್ಟದ ಮನೆವಾರು ಲೆಕ್ಕ ಬೇಕು. ಸಿಂಗಟಾಲೂರು ಏತ ನೀರಾವರಿಯ ನೀರು ಹರಿದ ಮುಂಡರಗಿಯ ಊರುಗಳನ್ನೂ ಹರಿಯದ ಊರುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಗುಳೆಗೆ ಕಾರಣ ನೀರಿನ ಕೊರತೆಯೋ ಸಾಲದ ಹೊರೆಯೋ ಎಂಬುದನ್ನಾದರೂ ಬೇರ್ಪಡಿಸಬಹುದು.