ಗಣಿ ಮಾಲೀಕ ಮಂತ್ರಿಯಾದಾಗ: ಬಳ್ಳಾರಿ ಪ್ರಕರಣ ಮತ್ತು ಸಚಿವರ ನೀತಿ ಸಂಹಿತೆ

ಬಳ್ಳಾರಿಯ ಗಣಿ ಹಗರಣವನ್ನು ಕುರಿತ ಬರಹಗಳಲ್ಲಿ ಹೆಚ್ಚಿನವು ವ್ಯಕ್ತಿಗಳ ದುರಾಸೆಯನ್ನು ವಿವರಿಸುವಲ್ಲಿಗೆ ನಿಲ್ಲುತ್ತವೆ. ದುರಾಸೆ ಇದ್ದದ್ದು ನಿಜ. ಆದರೆ ಸಾರ್ವಜನಿಕ ಹಿತದ ಹೆಸರಿನಲ್ಲಿ ಪ್ರಮಾಣವಚನ ತೆಗೆದುಕೊಂಡವರು ತಮ್ಮ ವ್ಯವಹಾರವನ್ನು ಅಷ್ಟು ನಿರಾತಂಕವಾಗಿ ನಡೆಸಲು ದಾರಿ ಮಾಡಿಕೊಟ್ಟದ್ದು ನಮ್ಮ ಕಾನೂನೇ ಎಂಬುದು ಈ ಲೇಖನದ ವಾದ.

2008ರಲ್ಲಿ ಬಿ.ಎಸ್. ಯಡಿಯೂರಪ್ಪನವರ ಸಂಪುಟದಲ್ಲಿ ಜಿ. ಕರುಣಾಕರ ರೆಡ್ಡಿ ಕಂದಾಯ ಸಚಿವರಾದರು. ತಮ್ಮ ಜಿ. ಜನಾರ್ದನ ರೆಡ್ಡಿ ಪ್ರವಾಸೋದ್ಯಮ ಖಾತೆಯ ಜೊತೆಗೆ ಬಳ್ಳಾರಿ ಜಿಲ್ಲಾ ಉಸ್ತುವಾರಿಯನ್ನೂ ಹೊತ್ತರು. ಜನಾರ್ದನ ರೆಡ್ಡಿಯವರ ಓಬಳಾಪುರಂ ಮೈನಿಂಗ್ ಕಂಪನಿಯ ಗಣಿ ಗಡಿಯಾಚೆ ಆಂಧ್ರದ ಅನಂತಪುರ ಜಿಲ್ಲೆಯಲ್ಲಿತ್ತು. ಗಣಿ ಒಂದು ರಾಜ್ಯದಲ್ಲಿ, ಅಧಿಕಾರ ಇನ್ನೊಂದರಲ್ಲಿ. ಆ ಗಡಿಯಲ್ಲಿದ್ದ ಪುರಾತನ ಸುಗ್ಗಲಮ್ಮ ದೇವಿಯ ಗುಡಿ 2006ರಲ್ಲಿ ಗಣಿ ಸ್ಫೋಟಕ್ಕೆ ನೆಲಸಮವಾಯಿತು. 2009ರಲ್ಲಿ ಜನಾರ್ದನ ರೆಡ್ಡಿಯವರು ತಿರುಮಲದ ವೆಂಕಟೇಶ್ವರನಿಗೆ 40 ಕೋಟಿ ರೂಪಾಯಿಗೂ ಮಿಕ್ಕಿದ ಬೆಲೆಯ ವಜ್ರಕಿರೀಟ ಅರ್ಪಿಸಿದರು.

ಅದಿರಿನ ಲಾಭದ ಲೆಕ್ಕವನ್ನು ಇಲ್ಲಿ ಗಮನಿಸಬೇಕು. 2009ರ ಆಗಸ್ಟ್‌ವರೆಗೆ ಅತ್ಯುತ್ತಮ ದರ್ಜೆಯ ಅದಿರಿಗೂ ಸರ್ಕಾರಕ್ಕೆ ಸಲ್ಲುತ್ತಿದ್ದ ರಾಜಧನ ಟನ್ನಿಗೆ 27 ರೂಪಾಯಿ ಮಾತ್ರ. ಚೀನಾದ ಬೇಡಿಕೆಯಿಂದಾಗಿ 2008ರ ವೇಳೆಗೆ ಮಾರುಕಟ್ಟೆ ದರ ಟನ್ನಿಗೆ ನೂರು ಡಾಲರ್ ದಾಟಿತ್ತು. ಈ ಅಂತರವೇ ರಾಜಕೀಯದ ಬಂಡವಾಳವಾಯಿತು. ಲೋಕಾಯುಕ್ತರ ಪರವಾಗಿ ತನಿಖೆ ನಡೆಸಿದ ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಬಯಲಿಗೆಳೆದ ‘ಝೀರೋ ರಿಸ್ಕ್’ ಪದ್ಧತಿ ಇದರ ಅತ್ಯಂತ ಸ್ಪಷ್ಟ ರೂಪ. ಪಾಲು ಒಪ್ಪಿಸಿದವರ ಲಾರಿಗಳು ಪರ್ಮಿಟ್ ಇಲ್ಲದೆ ಚೆಕ್‌ಪೋಸ್ಟ್ ದಾಟುತ್ತಿದ್ದವು. ತಡೆಯಬೇಕಾದ ಅಧಿಕಾರಿಯ ವರ್ಗಾವಣೆ ಪಾಲು ಪಡೆದವರ ಕೈಯಲ್ಲಿತ್ತು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2011ರ ಜುಲೈ 27ರಂದು ಸಲ್ಲಿಸಿದ ವರದಿ 2006ರಿಂದ 2010ರವರೆಗಿನ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜಿಸಿತು. ಅವರ ಎರಡು ವರದಿಗಳು ಮೂರೂ ಪ್ರಮುಖ ಪಕ್ಷಗಳ ಮುಖ್ಯಮಂತ್ರಿಗಳ ಕಾಲದ ತೀರ್ಮಾನಗಳನ್ನು ಪ್ರಶ್ನಿಸಿದ್ದವೆಂಬುದನ್ನು ಮರೆಯಬಾರದು.

ಕಾನೂನು ಏನು ಹೇಳುತ್ತದೆ? ಕೇಂದ್ರ ಗೃಹ ಸಚಿವಾಲಯದ ಮಂತ್ರಿಗಳ ನೀತಿ ಸಂಹಿತೆಯ ಪ್ರಕಾರ ಸಚಿವನಾದವನು ತನ್ನ ಉದ್ಯಮದ ಆಡಳಿತದಿಂದ ದೂರ ಸರಿಯಬೇಕು, ಒಡೆತನ ಬಿಡಬೇಕಾಗಿಲ್ಲ. ಆಡಳಿತವನ್ನು ಹೆಂಡತಿಗೆ ಅಥವಾ ಗಂಡನಿಗೆ ವಹಿಸುವಂತಿಲ್ಲ, ಬೇರೆ ವಯಸ್ಕ ಬಂಧುವಿಗೆ ವಹಿಸಬಹುದು. ಇದಕ್ಕೆ ಶಾಸನದ ಬಲವಿಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ 9ಎ ವಿಧಿ ಸರ್ಕಾರಕ್ಕೆ ಸರಕು ಪೂರೈಸುವ ಅಥವಾ ಕಾಮಗಾರಿ ನಡೆಸುವ ಗುತ್ತಿಗೆದಾರರನ್ನು ಅನರ್ಹಗೊಳಿಸುತ್ತದೆ. ಗಣಿ ಗುತ್ತಿಗೆ ಆ ವ್ಯಾಪ್ತಿಗೆ ಬರುವುದಿಲ್ಲವೆಂದು ಕರ್ತಾರ್ ಸಿಂಗ್ ಭಡಾನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ ತೀರ್ಪಿತ್ತಿತು. ಹೀಗಾಗಿ ಸರ್ಕಾರಿ ಶಾಲೆಗೆ ಕೊಠಡಿ ಕಟ್ಟುತ್ತಿರುವ ಗುತ್ತಿಗೆದಾರ ಶಾಸಕನಾಗಲಾರ, ಸರ್ಕಾರದ ಗುಡ್ಡವನ್ನೇ ಗುತ್ತಿಗೆ ಹಿಡಿದವನು ಮಂತ್ರಿಯಾಗಬಲ್ಲ. ಈ ಅಸಂಗತಿಯೇ ಸಮಸ್ಯೆಯ ಬೇರು.

ಸಂಹಿತೆಯನ್ನು ರಾಜ್ಯ ಸಚಿವರ ಮೇಲೆ ಜಾರಿ ಮಾಡಬೇಕಾದವರು ಮುಖ್ಯಮಂತ್ರಿ. 2008ರಲ್ಲಿ ಬಿಜೆಪಿ ಗೆದ್ದದ್ದು 110 ಸ್ಥಾನ, ಬಹುಮತಕ್ಕೆ 113 ಬೇಕಿತ್ತು. ಆ ಕೊರತೆ ತುಂಬಿಸುವುದರಲ್ಲಿ ರೆಡ್ಡಿ ಸೋದರರ ಪಾತ್ರ ದೊಡ್ಡದು. 2009ರಲ್ಲಿ ಉತ್ತರ ಕರ್ನಾಟಕ ನೆರೆಯಲ್ಲಿ ಮುಳುಗಿದಾಗ ಸಂತ್ರಸ್ತರ ಪುನರ್ವಸತಿಗೆಂದು ಅದಿರು ಲಾರಿಯೊಂದಕ್ಕೆ 1,000 ರೂಪಾಯಿ ಸುಂಕ ಹಾಕುವ ಮಾತು ಬಂತು. ರೆಡ್ಡಿ ಸೋದರರು ಮತ್ತು ಮುಖ್ಯಮಂತ್ರಿಯ ನಡುವಿನ ಬಿಕ್ಕಟ್ಟು ಸ್ಫೋಟಿಸಲು ಅದೂ ಒಂದು ಕಾರಣ. ಶಾಸಕರು ರೆಸಾರ್ಟ್ ಸೇರಿದರು, ಮುಖ್ಯಮಂತ್ರಿ ಟಿವಿ ಕ್ಯಾಮೆರಾ ಮುಂದೆ ಕಣ್ಣೀರು ಹಾಕಿದರು. ನವೆಂಬರ್‌ನಲ್ಲಿ ಸಚಿವೆ ಶೋಭಾ ಕರಂದ್ಲಾಜೆ ಸಂಪುಟದಿಂದ ಹೊರನಡೆಯಬೇಕಾಯಿತು, ಮುಖ್ಯಮಂತ್ರಿಯ ಪ್ರಧಾನ ಕಾರ್ಯದರ್ಶಿ ವಿ.ಪಿ. ಬಳಿಗಾರ್ ವರ್ಗವಾದರು. ಮನೆಮಠ ಕಳೆದುಕೊಂಡವರ ಹೆಸರಿನ ಸುಂಕವೂ ಗಣಿ ಹಿತದೆದುರು ನಿಲ್ಲಲಾರದಾದಾಗ ಸಂಹಿತೆಯನ್ನು ಯಾರು ಜಾರಿ ಮಾಡಬೇಕಿತ್ತು?

ಯಡಿಯೂರಪ್ಪನವರ ಕುಟುಂಬದ ಟ್ರಸ್ಟ್‌ಗೆ ಗಣಿ ಕಂಪನಿಯೊಂದು 10 ಕೋಟಿ ರೂಪಾಯಿ ದೇಣಿಗೆ ಕೊಟ್ಟದ್ದನ್ನು ಲೋಕಾಯುಕ್ತ ವರದಿ ಪ್ರಸ್ತಾಪಿಸಿತ್ತು. ಅವರು ರಾಜೀನಾಮೆ ನೀಡಿದರು. 2016ರ ಅಕ್ಟೋಬರ್‌ನಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಆ ಪ್ರಕರಣದಲ್ಲಿ ಅವರನ್ನು ಖುಲಾಸೆಗೊಳಿಸಿತು. ತೀರ್ಪನ್ನು ಗೌರವಿಸಲೇಬೇಕು. ಆದರೆ ಅಂಥ ನ್ಯಾಯಾಲಯದ ಮುಂದಿರುವುದು ಲಂಚ ಸಾಬೀತಾಯಿತೇ ಎಂಬ ಪ್ರಶ್ನೆ. ಅಧಿಕಾರದಲ್ಲಿರುವವರ ಕುಟುಂಬ ಅಂಥ ದೇಣಿಗೆ ಪಡೆಯಬಹುದೇ ಎಂಬ ಹಿತಾಸಕ್ತಿ ಸಂಘರ್ಷದ ಪ್ರಶ್ನೆಗೆ ನಮ್ಮಲ್ಲಿ ಪ್ರತ್ಯೇಕ ಶಾಸನವೇ ಇಲ್ಲ.

ವಿರೋಧ ಪಕ್ಷದ ನಡತೆಯೂ ಪರೀಕ್ಷೆಗೆ ನಿಲ್ಲುವುದಿಲ್ಲ. 2010ರಲ್ಲಿ ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ನಡೆಸಿದ ಸಿದ್ದರಾಮಯ್ಯನವರು 2013ರಲ್ಲಿ ಮುಖ್ಯಮಂತ್ರಿಯಾದರು. 2016ರ ಮಾರ್ಚ್‌ನಲ್ಲಿ ಅವರದೇ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ ರಚಿಸಿ, ಗಣಿ ವರದಿ ಕೊಟ್ಟ ಲೋಕಾಯುಕ್ತದಿಂದ ಪೊಲೀಸ್ ಅಧಿಕಾರ ಕಿತ್ತುಕೊಂಡಿತು. 2022ರ ಆಗಸ್ಟ್ 11ರಂದು ಹೈಕೋರ್ಟ್ ಆ ದಳವನ್ನು ರದ್ದುಪಡಿಸುವವರೆಗೆ ಈ ಸ್ಥಿತಿ ಮುಂದುವರಿಯಿತು. ನಡುವೆ ಬಂದ ಬಿಜೆಪಿ ಸರ್ಕಾರವೂ ಅದನ್ನು ತಾನಾಗಿ ತೆಗೆಯಲಿಲ್ಲ.

ಓಬಳಾಪುರಂ ಪ್ರಕರಣದಲ್ಲಿ ಹೈದರಾಬಾದಿನ ಸಿಬಿಐ ನ್ಯಾಯಾಲಯ ಜನಾರ್ದನ ರೆಡ್ಡಿಯವರಿಗೆ 7 ವರ್ಷ ಶಿಕ್ಷೆ ವಿಧಿಸಿದ್ದು 2025ರ ಮೇನಲ್ಲಿ. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿರಿಸಿತು. ಬಂಧನದಿಂದ ತೀರ್ಪಿಗೆ ಹದಿಮೂರು ವರ್ಷ ದಾಟಿತ್ತು, ನಡುವೆ 2023ರಲ್ಲಿ ಅವರು ಗಂಗಾವತಿಯಿಂದ ಗೆದ್ದು ವಿಧಾನಸಭೆಗೂ ಮರಳಿದ್ದರು. ಇಷ್ಟು ನಿಧಾನವಾದ ಶಿಕ್ಷೆಯನ್ನೇ ನಂಬಿ ಕೂರುವಂತಿಲ್ಲ. ಗಣಿ ಗುತ್ತಿಗೆಯನ್ನು 9ಎ ವಿಧಿಯ ವ್ಯಾಪ್ತಿಗೆ ತರಬೇಕು. ನೀತಿ ಸಂಹಿತೆಗೆ ಶಾಸನದ ಬಲ ಕೊಟ್ಟು, ಅದರ ಜಾರಿಯನ್ನು ಮುಖ್ಯಮಂತ್ರಿಯ ಕೈಯಿಂದ ತೆಗೆದು ಲೋಕಾಯುಕ್ತಕ್ಕೆ ವಹಿಸಬೇಕು. ಮೊದಲನೆಯದು ಸಂಸತ್ತಿನ ಕೆಲಸ. ಎರಡನೆಯದನ್ನು ರಾಜ್ಯದ ಸಚಿವರ ಮಟ್ಟಿಗೆ ಆರಂಭಿಸಲು ಕರ್ನಾಟಕದ ವಿಧಾನಮಂಡಲ ದೆಹಲಿಯತ್ತ ನೋಡಬೇಕಾಗಿಲ್ಲ.