ಹುಳುವೇ ಇಲ್ಲದ ಹುಳುಕಡ್ಡಿ

ಮುಂಬೈ ಲೋಕಲ್ಲಿನಲ್ಲಿ ಓಡಾಡಿದವರಿಗೆ "ದಾದ್, ಖಾಜ್, ಖುಜ್ಲೀ..." ಅನ್ನುವ ಕೂಗು ಹೊಸದೇನಲ್ಲ. ಸಣ್ಣ ಡಬ್ಬಿ ಹಿಡಿದವನು ಬಂದ ಕೂಡಲೇ ಎಲ್ಲರೂ ಕಿಟಕಿಯಾಚೆ ನೋಡುತ್ತಾರೆ. ಕೊಳ್ಳುವವನೂ ಯಾರಿಗೂ ಕಾಣದ ಹಾಗೆ ಕೊಂಡು ಕಿಸೆಗೆ ತುರುಕಿಕೊಳ್ಳುತ್ತಾನೆ. ಜ್ವರ ಬಂದರೆ ಹತ್ತು ಜನಕ್ಕೆ ಹೇಳಿಕೊಳ್ಳುತ್ತೇವೆ, ಇದನ್ನು ಮಾತ್ರ ಹೆಂಡತಿಗೂ ಹೇಳುವುದಿಲ್ಲ!

ನಾವು ಇದಕ್ಕೆ ಹುಳುಕಡ್ಡಿ, ಗಜಕರ್ಣ ಅನ್ನುತ್ತೇವೆ. ಮರಾಠಿಯವರೂ ಗಜಕರ್ಣ ಅಂತಲೇ ಅನ್ನುತ್ತಾರೆ. ಇಂಗ್ಲಿಷರದು ರಿಂಗ್‌ವರ್ಮ್. ಅವರಿಗೂ ನಮಗೂ ಹುಳುವಿನದೇ ಅನುಮಾನ. ನಮ್ಮ ಮಂಗಳೂರು ಕಡೆಯವರು ಮಳೆಗಾಲದಲ್ಲಿ ಆಸೆಪಟ್ಟು ತಿನ್ನುವ ತಗಚೆ (ತುಳುವರ ತೊಜಂಕ್, ಇಲ್ಲಿನ ಮಾರುಕಟ್ಟೆಯ ಟಾಕಳಾ) ಸೊಪ್ಪಿಗೆ ಸಂಸ್ಕೃತದಲ್ಲಿ ಚಕ್ರಮರ್ದ, ದದ್ರುಘ್ನ ಎಂಬ ಹೆಸರುಗಳಿವೆ. ಅಂದರೆ ಮೈಮೇಲಿನ ಚಕ್ರವನ್ನು ಅಳಿಸುವುದು. ಮದ್ದು ಹುಡುಕಿದ್ದು ಅಷ್ಟು ಹಳೆಯದು. ಆದರೆ ಆ ಚಕ್ರವನ್ನು ಬರೆಯುವವರು ಯಾರು ಅಂತ ಗೊತ್ತಾದದ್ದು ಹತ್ತೊಂಬತ್ತನೇ ಶತಮಾನದಲ್ಲಿ.

ಮೊದಲ ಸುಳಿವು ಸಿಕ್ಕಿದ್ದು ರೇಷ್ಮೆಹುಳುವಿನಲ್ಲಿ. ಇಟಲಿಯ ಅಗೊಸ್ಟಿನೊ ಬಾಸ್ಸಿ 1835ರಲ್ಲಿ ರೇಷ್ಮೆಹುಳುಗಳನ್ನು ಸುಣ್ಣದ ಕಡ್ಡಿಯಂತೆ ಮಾಡಿ ಕೊಲ್ಲುವ ರೋಗಕ್ಕೆ ಒಂದು ಬೂಷ್ಟು ಕಾರಣ ಎಂದು ತೋರಿಸಿದ. ಎರಡು ವರ್ಷದ ನಂತರ ಬರ್ಲಿನ್ನಿನಲ್ಲಿ ರಾಬರ್ಟ್ ರೆಮಾಕ್ ಎಂಬ ಯುವಕ, ಮಕ್ಕಳ ತಲೆಯಲ್ಲಿ ಹಳದಿ ಹಕ್ಕಳೆ ಕಟ್ಟುವ ಫೇವಸ್ ಎಂಬ ರೋಗದ ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟು ದಾರದಂಥ ಎಳೆಗಳನ್ನು ಕಂಡ. ಅದು ಶಿಲೀಂಧ್ರ ಎಂದು 1839ರಲ್ಲಿ ಒಂದು ಪುಟ್ಟ ಟಿಪ್ಪಣಿಯಲ್ಲಿ ಪ್ರಕಟಿಸಿದವರು ಅವನ ಗುರು ಶೋನ್‌ಲೈನ್. ರೆಮಾಕ್ ಅಲ್ಲಿಗೇ ಬಿಡಲಿಲ್ಲ. ಆ ಹಕ್ಕಳೆಯನ್ನು ತನ್ನ ತೋಳಿಗೇ ಅಂಟಿಸಿಕೊಂಡು ರೋಗ ಬರಿಸಿಕೊಂಡ, ಸೇಬಿನ ಹೋಳಿನ ಮೇಲೆ ಬೆಳೆಸಿದ. 1845ರಲ್ಲಿ ಅದಕ್ಕೆ ಹೆಸರಿಟ್ಟದ್ದೂ ಗುರುವಿನದೇ. ಯೆಹೂದಿಯಾದ್ದರಿಂದ ಪ್ರಷ್ಯಾದಲ್ಲಿ ಪಾಠ ಹೇಳಲು ಅವನಿಗೆ ಅನುಮತಿ ಸಿಕ್ಕಿದ್ದು 1847ರಲ್ಲಿ.

ಇದೇ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಇನ್ನೊಬ್ಬ ವಲಸೆಗಾರ, ಡೇವಿಡ್ ಗ್ರೂಬಿ. ಹಂಗೆರಿಯ ಹಳ್ಳಿಯೊಂದರ ಬಡ ಯೆಹೂದಿ ಮನೆಯ ಹುಡುಗ. ಶಾಲೆಯೊಳಗೆ ಸೇರಿಸದೆ ಇದ್ದಾಗ ಬಾಗಿಲಲ್ಲಿ ನಿಂತೇ ಪಾಠ ಕೇಳುತ್ತಿದ್ದ ಎಂಬ ಕಥೆಯಿದೆ (ನಿಜವೋ ಕಟ್ಟಿದ್ದೋ, ನಮ್ಮಲ್ಲಿಯೂ ಅಂಥ ಬಾಗಿಲುಗಳಿದ್ದವಲ್ಲ). ವಿಯೆನ್ನಾದಲ್ಲಿ ವೈದ್ಯನಾಗಿ ಪ್ಯಾರಿಸ್ಸಿಗೆ ಬಂದು, ಬರ್ಲಿನ್ನಿನ ಸುದ್ದಿ ತಿಳಿಯದೆಯೇ, ಫೇವಸ್ಸಿನ ಶಿಲೀಂಧ್ರವನ್ನು ಆಲೂಗಡ್ಡೆಯ ಹೋಳಿನ ಮೇಲೆ ಬೆಳೆಸಿದ. 1841ರಿಂದ 1844ರವರೆಗೆ ಅಲ್ಲಿನ ವಿಜ್ಞಾನ ಅಕಾಡೆಮಿಗೆ ವರದಿ ಮೇಲೆ ವರದಿ ಕೊಟ್ಟ. ಗಡ್ಡದ ರೋಗ ಒಂದು, ಬೀಜಕಣಗಳು ಕೂದಲಿನ ಹೊರಗೆ ಕವಚದಂತೆ ಮುತ್ತಿದ್ದು ಇನ್ನೊಂದು, ಕೂದಲಿನೊಳಗೇ ತುಂಬಿಕೊಂಡಿದ್ದು ಮತ್ತೊಂದು. ಒಳಗೋ ಹೊರಗೋ ಎಂಬ ಆ ಪ್ರಶ್ನೆಯನ್ನು ಇಂದಿಗೂ ಪ್ರಯೋಗಾಲಯದಲ್ಲಿ ಮೊದಲು ಕೇಳುತ್ತಾರೆ. ಕಾಕ್ ಆಂಥ್ರಾಕ್ಸಿನ ಕ್ರಿಮಿಯನ್ನು ತೋರಿಸಿದ್ದು 1876ರಲ್ಲಿ. ಮನುಷ್ಯನ ರೋಗಕ್ಕೆ ಸೂಕ್ಷ್ಮಜೀವಿ ಕಾರಣ ಅನ್ನುವ ಮಾತನ್ನು ಅದಕ್ಕೂ ಮೂವತ್ತು ವರ್ಷ ಮೊದಲೇ ಸಾಧಿಸಿ ತೋರಿಸಿದ್ದು ಈ ಯಃಕಶ್ಚಿತ್ ತುರಿಕೆ!

ಆದರೂ ಚರ್ಮವೈದ್ಯರು ಅದನ್ನು ಹೆಚ್ಚು ಕಿವಿಗೆ ಹಾಕಿಕೊಳ್ಳಲಿಲ್ಲ. ಗ್ರೂಬಿ ಸಂಶೋಧನೆ ಬಿಟ್ಟು ಹೈನೆಯಂಥ ಕವಿಗಳ ವೈದ್ಯನಾಗಿ 1898ರವರೆಗೆ ಬದುಕಿದ್ದ. ಅವನನ್ನು ಮತ್ತೆ ಮೇಲೆತ್ತಿದ್ದು ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯ ರೇಮಂಡ್ ಸಬೂರೊ. ಸುಮಾರು 1890ರಿಂದ ಕೂತು ಒಂದೊಂದೇ ಕೂದಲಿನಿಂದ ಬೂಷ್ಟು ಬೆಳೆಸಿದ. ಅವನಿಗೆ ಹೊಳೆದ ಮುಖ್ಯ ವಿಷಯ ಅಡುಗೆಮನೆಯದು: ಆಹಾರ ಬದಲಾದರೆ ಬೂಷ್ಟಿನ ಬಣ್ಣ, ಚಹರೆ ಎರಡೂ ಬದಲಾಗುತ್ತವೆ. ಆದ್ದರಿಂದ ಎಲ್ಲದಕ್ಕೂ ಒಂದೇ ಅಡುಗೆ ಹಾಕಬೇಕು. ಸಕ್ಕರೆ, ಪೆಪ್ಟೋನ್, ಅಗರ್, ಸ್ವಲ್ಪ ಹುಳಿ. 1910ರಲ್ಲಿ ಇದೆಲ್ಲವನ್ನೂ ದಪ್ಪ ಪುಸ್ತಕ ಮಾಡಿದ.

ಅದೇ ಸಬೂರೊ ಎಕ್ಸ್‌ರೇಯಿಂದ ಕೂದಲು ಉದುರಿಸುವ ಚಿಕಿತ್ಸೆಯನ್ನೂ ಜಾರಿಗೆ ತಂದ. 1958ರಲ್ಲಿ ಗ್ರಿಸಿಯೋಫುಲ್ವಿನ್ ಗುಳಿಗೆ ಬರುವ ತನಕ ಎಷ್ಟೋ ದೇಶಗಳ ಮಕ್ಕಳ ತಲೆಗೆ ಅದೇ ಗತಿ. ಇಸ್ರೇಲಿನಲ್ಲಿ ವಲಸೆ ಬಂದ ಕುಟುಂಬಗಳ ಸಾವಿರಾರು ಮಕ್ಕಳಿಗೆ ಹೀಗೆ ಮಾಡಿದ್ದರು. ಅವರಲ್ಲಿ ಮೆದುಳಿನ ಗಡ್ಡೆ, ಥೈರಾಯ್ಡ್ ಕ್ಯಾನ್ಸರ್ ಹೆಚ್ಚು ಎಂದು ನಂತರದ ಅಧ್ಯಯನಗಳು ತೋರಿಸಿದವು. ಇದನ್ನು ಓದಿದ ಮೇಲೆ ಸಬೂರೊನನ್ನು ಮನಸಾರೆ ಹೊಗಳಲು ನನಗೆ ಆಗುತ್ತಿಲ್ಲ.

ಇನ್ನು ನಮ್ಮ ಕಡೆಯ ಕಥೆ. ಬ್ರಿಟಿಷರು ತೊಡೆಸಂದಿಯ ಈ ತುರಿಕೆಗೆ "ಧೋಬಿ ಇಚ್" ಎಂದು ಹೆಸರಿಟ್ಟರು. ಬಟ್ಟೆಯಲ್ಲಿ ಶಿಲೀಂಧ್ರ ಉಳಿಯಬಲ್ಲದು, ಸುಳ್ಳಲ್ಲ. ಆದರೆ ಈ ಸೆಖೆಯಲ್ಲಿ ಬಿಗಿ ಬಟ್ಟೆ ತೊಟ್ಟು ಬೆವರಿದ್ದು ಇವರು, ಹೆಸರು ಕೆಟ್ಟದ್ದು ಮಹಾಲಕ್ಷ್ಮಿಯ ಘಾಟಿನಲ್ಲಿ ಬಟ್ಟೆ ಬಡಿಯುವವನದು! ಕೊಲಂಬೊದಲ್ಲಿದ್ದ ಇಟಲಿಯ ವೈದ್ಯ ಆಲ್ಡೊ ಕ್ಯಾಸ್ಟೆಲ್ಲಾನಿ 1910ರಲ್ಲಿ ಕೆಂಪು ಬಣ್ಣ ಬಿಡುವ ಒಂದು ಶಿಲೀಂಧ್ರವನ್ನು ವಿವರಿಸಿದ. ಟ್ರೈಕೊಫೈಟಾನ್ ರೂಬ್ರಮ್ ಎಂಬ ಅದು ಆಮೇಲೆ ಲೋಕದ ಚರ್ಮ, ಉಗುರುಗಳನ್ನೆಲ್ಲ ಸುತ್ತಿತು, ಧೋಬಿಯ ಹಂಗಿಲ್ಲದೆ.

2020ರಲ್ಲಿ ಇನ್ನೊಂದು ಹೆಸರು ಬಂತು. ಭಾರತ, ನೇಪಾಳದ ರೋಗಿಗಳಿಂದ ಸಿಕ್ಕ ಮಾದರಿಗಳನ್ನು ನೋಡಿ ಜಪಾನಿನ ಸಂಶೋಧಕರು ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಕರೆದರು. ಟರ್ಬಿನಾಫಿನ್ ಔಷಧಿಗೆ ಇದು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಹೆಸರಿನಲ್ಲಿ ದೇಶ ಯಾಕೆ ಅಂತ ಆಕ್ಷೇಪಿಸಿದವರಿದ್ದಾರೆ, ನನಗೂ ಅದು ಧೋಬಿ ಇಚ್ಚಿನ ತಮ್ಮನಂತೆ ಕಾಣುತ್ತದೆ. ಆದರೆ ಮುನಿಸು ಹೆಸರಿಗೆ ಸೀಮಿತವಾಗಿರಲಿ. ಸ್ಟೀರಾಯ್ಡ್ ಬೆರೆಸಿದ ಕ್ರೀಮನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ಬಳಿದುಕೊಂಡವರು ನಾವೇ. ತುರಿಕೆ ಎರಡೇ ದಿನಕ್ಕೆ ಇಳಿಯುತ್ತದೆ, ಚಕ್ರದ ಅಂಚು ಮಾಸುತ್ತದೆ, ಒಳಗೆ ಬೂಷ್ಟು ಹಾಯಾಗಿ ಹಬ್ಬುತ್ತದೆ. ಆಮೇಲೆ ವೈದ್ಯರಿಗೂ ಗುರುತು ಹತ್ತುವುದು ಕಷ್ಟ.

ಗುರುತು ಹಿಡಿಯುವ ದಾರಿ ಮಾತ್ರ ಹಳೆಯದೇ. ಅಂಚಿನ ಚರ್ಮವನ್ನು ಮೊಂಡು ಬ್ಲೇಡಿನಲ್ಲಿ ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಯಲ್ಲಿ ಕರಗಿಸಿ ನೋಡಿದರೆ ರೆಮಾಕ್ ಕಂಡ ಅದೇ ಎಳೆಗಳು ಕಾಣುತ್ತವೆ. ಯಾವ ಜಾತಿ ಅಂತ ತಿಳಿಯಲು ಬೆಳೆಸಬೇಕು. ಬೆಕ್ಕುನಾಯಿಯಿಂದ ಬಂದದ್ದೋ, ದನದಿಂದಲೋ, ಮಣ್ಣಿನಿಂದಲೋ, ಮನೆಯವರಿಂದಲೋ ಅನ್ನುವುದರ ಸುಳಿವು ಆಗ ಸಿಗುತ್ತದೆ. ಇಂಡೊಟಿನಿಯೆಯನ್ನು ಖಚಿತ ಮಾಡಲು ಡಿಎನ್‌ಎ ಪರೀಕ್ಷೆಯೂ ಬೇಕು. ಬೆಳೆಸುವುದು ಈಗಲೂ ಸಬೂರೊ ಹೆಸರಿನ ಅಗರಿನ ಮೇಲೆಯೇ, ನಾಲ್ಕು ವಾರದ ತನಕವೂ ಕಾಯಬೇಕಾದೀತು.